ಪುರಂದರನ ಪಾಸ್‌ಪೋರ್ಟ್

"ಆ ದಾರ ಮಾತ್ರ ಬಿಚ್ಚಬೇಡ ಬಾಯೆ," ಎಂದರು ಮೊರಿಸ್ ಮಗಳಿಗೆ.

ಜೋಯ್ಲಿನ್‌ಗೆ ನಗು ಬಂತು. ನಾಳೆ ಅಪ್ಪನನ್ನು ಊರಿಗೆ ಕರೆದೊಯ್ಯಬೇಕು. ಅದಕ್ಕೇ ದುಬೈಯಿಂದ ಬಂದು, ಗಲ್ಫಿನಲ್ಲೇ ಇದ್ದ ಅಪ್ಪನ ಹಮ್ದಾನ್ ಸ್ಟ್ರೀಟಿನ ಈ ಫ್ಲಾಟ್ ಖಾಲಿ ಮಾಡುತ್ತಿದ್ದಳು. ಅಪ್ಪನ ಹಳೇ ಸೂಟ್‌ಕೇಸಿನ ತಳದಲ್ಲಿ, ಜಪಮಾಲೆಯ ಕೆಳಗೆ, ಕಪ್ಪು ದಾರ ಸುತ್ತಿ ಏಳು ಗಂಟು ಹಾಕಿದ ಪಾಸ್‌ಪೋರ್ಟೊಂದು ಸಿಕ್ಕಿತ್ತು. ಮೂಸಿದರೆ ಸುಟ್ಟ ಕೂದಲಿನ ವಾಸನೆ.

"ಮಾಟವಾ ಪಪ್ಪಾ? ಇಗರ್ಜಿಯಲ್ಲಿ ಬೈಬಲ್ ಓದುವವರು ನೀವು. ನಾಚಿಕೆ ಆಗುವುದಿಲ್ಲವಾ?"

"ಆಗ್ತದೆ," ಎಂದರು ಮೊರಿಸ್, ನೆಲ ನೋಡುತ್ತ. "ಅದು ಪುರಂದರನದ್ದು."

ಆಮೇಲೆ ಹೇಳಿದ್ದೆಲ್ಲ ಅವಳಿಗೆ ಹೊಸದು. ಅಪ್ಪನಿಗೆ ಆಫೀಸಿನ ಕೆಲಸವೆಂದೇ ಮನೆಯವರೆಲ್ಲ ನಂಬಿದ್ದರು. ಅವರಿದ್ದದ್ದು ಲೇಬರ್ ಕ್ಯಾಂಪಿನಲ್ಲಿ, ಕ್ಯಾಂಪ್ ಬಾಸ್ ಆಗಿ. ಕೆಲಸಗಾರರ ಪಾಸ್‌ಪೋರ್ಟುಗಳನ್ನಿಟ್ಟ ಕಪಾಟಿನ ಬೀಗದ ಕೈ ಅವರ ಸೊಂಟದಲ್ಲಿ. ಇಪ್ಪತ್ತು ವರ್ಷದ ಹಿಂದೆ, ತಾಯಿ ಸಾಯುತ್ತಿದ್ದಾಳೆಂದು ಪುರಂದರ ಮೂರು ದಿನ ಕಾಲು ಹಿಡಿದಿದ್ದ. ಇವರು ಕೊಡಲಿಲ್ಲ. ತಾಯಿ ಸತ್ತ ಮೇಲೆ ಪಾಸ್‌ಪೋರ್ಟಿನ ಬದಲು ಎಂಬಸಿ ಕೊಟ್ಟ ಕಾಗದ ಹಿಡಿದು ಊರಿಗೆ ಹೋದವನು ಅವಳ ಚಿತೆಯ ಬೂದಿ ಕಳಿಸಿದ, ಜೊತೆಗೊಂದು ಚೀಟಿ: 'ನನ್ನಮ್ಮ ಕೊನೆಯವರೆಗೂ ನನ್ನ ಮುಖ ಹುಡುಕಿದಳು. ನಿನ್ನ ಮಗಳು ಎದುರಿಗೇ ನಿಂತಿರಲಿ, ನೀನು ಹುಡುಕುತ್ತಿರು.' ಮೊರಿಸ್ ಯಾರಿಗೂ ತಿಳಿಯದಂತೆ ಮಂತ್ರವಾದಿಯ ಬಳಿ ಹೋಗಿ, ಆ ಬೂದಿಯನ್ನು ಅವನ ಪಾಸ್‌ಪೋರ್ಟಿನೊಳಗೇ ಇಟ್ಟು ಶಾಪ ತಟ್ಟದಂತೆ ಕಟ್ಟು ಹಾಕಿಸಿದ್ದರು.

ಜೋಯ್ಲಿನ್‌ಗೆ ಹೆದರಿಕೆಯೇನೂ ಆಗಲಿಲ್ಲ, ಅವಮಾನದಿಂದ ಮುಖ ಸುಟ್ಟಿತು. ತನಗೆ ಶಿಲುಬೆಯ ಗುರುತು ಹಾಕಲು ಕಲಿಸಿದ್ದು ಇದೇ ಕೈಯಲ್ಲವೇ, ಛೀ.

"ಇದನ್ನು ನಾನೇ ಅವನ ಮನೆಗೆ ಮುಟ್ಟಿಸ್ತೇನೆ. ನಿಮ್ಮ ದಾರ ಗೀರ ಎಲ್ಲ ಖಲಾಸ್," ಎಂದು ಕತ್ತರಿ ಎತ್ತಿಕೊಂಡಳು.

"ಬೇಡ ಬಾಯೆ. ನನಗಿರುವುದು ನೀನೊಬ್ಬಳೇ."

ಏಳನೆಯ ಗಂಟೂ ತುಂಡಾಯಿತು. ಎಸಿ ನಿಂತಿತು. ಕಿಟಕಿಯಾಚೆ ಧೂಳೆದ್ದು ಮಟಮಟ ಮಧ್ಯಾಹ್ನವೇ ಕತ್ತಲಾಯಿತು. ಬೂದಿ ಅಂಗೈಗೆ ಉದುರಿತು. ಇಪ್ಪತ್ತು ವರ್ಷದ ಬೂದಿ, ಇನ್ನೂ ಬಿಸಿಯಿತ್ತು. ಮೂಲೆಯಲ್ಲಿ ಯಾರೋ ಮುದುಕಿ ಉಸಿರೆಳೆದಳು. ಒಮ್ಮೆ. ಇನ್ನೊಮ್ಮೆ. ನಿಂತಿತು. ಜೋಯ್ಲಿನ್ ಮೊಬೈಲಿನ ಬೆಳಕು ಹಿಡಿದಳು. ಪಾಸ್‌ಪೋರ್ಟ್ ತೆರೆದುಕೊಂಡಿತ್ತು. ಹೆಸರು ಪುರಂದರನದೇ. ಫೋಟೋದಲ್ಲಿದ್ದದ್ದು ಅವಳ ಮುಖ.

"ಪಪ್ಪಾ..."

ಮೊರಿಸ್ ತಲೆ ಎತ್ತಿದರು. ಅವರ ಅಂಜಿಕೆ ಎಲ್ಲಿ ಹೋಯಿತೋ. ಅವಳು ಹುಟ್ಟಿದಾಗಿನಿಂದ ಕೇಳದ ದನಿಯಲ್ಲಿ ಹೇಳಿದರು: "ಪುನಃ ಬಂದೆಯಾ ಪುರಂದರ? ಪಾಸ್‌ಪೋರ್ಟ್ ಮಾಫಿ, ಸಿಗುವುದಿಲ್ಲ. ಯಲ್ಲಾ, ಕೆಲಸಕ್ಕೆ ಹೋಗು."

ಮೇಜಿನ ಮೇಲಿದ್ದ ಅವಳ ಪಾಸ್‌ಪೋರ್ಟನ್ನು ಕೋಣೆಯ ಕಪಾಟಿಗೆ ಹಾಕಿ, ಬೀಗ ತಿರುಗಿಸಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಬಾಗಿಲ ಕಡೆ ಮುಖ ಮಾಡಿ ಕುಳಿತರು.

"ಮಗಳು ಬರುವ ಹೊತ್ತಾಯಿತು. ನೀನು ಇಲ್ಲಿ ನಿಲ್ಲಬೇಡ. ಅವಳಿಗೆ ಇದೆಲ್ಲ ಗೊತ್ತಿಲ್ಲ."

ಜೋಯ್ಲಿನ್ ಅವರ ಕಾಲು ಹಿಡಿದಳು. ನಾನು ಪಪ್ಪಾ, ನಾನೇ, ಎನ್ನಲು ಬಾಯಿ ತೆರೆದಳು. ಹೊರಬಂದದ್ದು ಗಂಡಸಿನ ದನಿ.

"ಸಾರ್," ಎಂದಿತು ಅದು, "ನಾಳೆ ಊರಿಗೆ ಹೋಗಬೇಕಿತ್ತು."