ಲಿಂಟಲ್‌ಗೆ ನಿಂತ ಮನೆ

“ಕೈ ಎತ್ತೇ! ನಾನೇ ಕೇಳ್ತೀನಿ ಅಂತ ನೀನೇ ಅಂದಿದ್ದೆ ತಾನೆ?” ಎಂದು ಸ್ಪಂದನಾ ಮೊಣಕೈಯಿಂದ ತಿವಿದಳು.

ಭವ್ಯಳ ಕೈ ಮೇಲೇಳಲೇ ಇಲ್ಲ. ಮಕ್ಕಳ ಗ್ರಾಮಸಭೆ ಎಂದರೆ ಸುಮ್ಮನೆಯೇ? ಶಾಲೆಯ ಅಂಗಳದ ತುಂಬ ಸುತ್ತಮುತ್ತಲ ಊರುಗಳ ಮಕ್ಕಳು. ಮೇಜಿನ ಹಿಂದೆ ಪಂಚಾಯಿತಿಯ ಪಿಡಿಒ ಸಾಹೇಬರು, ನರಸಿಂಹರಾಜು. ವರ್ಷಕ್ಕೊಮ್ಮೆ ಮಕ್ಕಳು ಅವರನ್ನು ಏನು ಬೇಕಾದರೂ ಕೇಳಬಹುದು. ಒಬ್ಬ ಆಗಲೇ ಕ್ರಿಕೆಟ್ ಬ್ಯಾಟು ಕೇಳಿ ಎಲ್ಲರನ್ನೂ ನಗಿಸಿದ್ದ.

ಭವ್ಯ ಕೇಳಬೇಕಾದದ್ದು ಮನೆಯ ವಿಷಯ. ಸರ್ಕಾರಿ ಮನೆ ಮಂಜೂರಾಯಿತೆಂದು ಬೇಸಿಗೆಯಲ್ಲಿ ಹಳೆಯ ಮಣ್ಣಿನ ಮನೆ ಕೆಡವಿದ್ದರು. ತಳಪಾಯ ಹಾಕಿದ್ದಕ್ಕೆ ಬಿಲ್ಲಿನ ದುಡ್ಡು ಬಂತು. ಗೋಡೆ ಎದ್ದು, ಬಾಗಿಲ ಮೇಲಿನ ಲಿಂಟಲ್‌ವರೆಗೂ ಬಂತು. ಆಮೇಲೆ ಸರ್ಕಾರದ ದುಡ್ಡೇ ಇಲ್ಲ! ಈಗ ಅಪ್ಪ, ಅಮ್ಮ, ಅಜ್ಜಿ, ಭವ್ಯ ಎಲ್ಲರೂ ಟಾರ್ಪಾಲಿನ ಕೆಳಗೆ. ನಿನ್ನೆಯ ಮಳೆಗೆ ಒಲೆಯೊಳಗೇ ನೀರು ನಿಂತಿತ್ತು. ಇದು ಗೊತ್ತಿದ್ದದ್ದು ಅವಳ ಊರಿನವಳೇ ಆದ ಸ್ಪಂದನಾಗೆ ಮಾತ್ರ. ಬೇರೆ ಯಾರಿಗೆ ಹೇಳಲೂ ಭವ್ಯಳಿಗೆ ನಾಚಿಕೆ.

ಕೊನೆಗೂ ಎದ್ದಳು.

“ಸಾರ್, ಕೊಲ್ಲಾಪುರಮ್ಮ ಅಂತ, ನಮ್ಮಜ್ಜಿ. ಅವ್ರ ಹೆಸರಿನ ಮನೆ ಲಿಂಟಲ್‌ಗೆ ನಿಂತೋಗೈತೆ. ಬಿಲ್ ಯಾಕೆ ಬಂದಿಲ್ಲ?”

ನರಸಿಂಹರಾಜು ಮೊಬೈಲಿನಲ್ಲಿ ಹುಡುಕಿದರು. “ಫೋಟೋ ರಿಜೆಕ್ಟ್ ಆಗಿದೆಯಮ್ಮ. ಪ್ರತಿ ಹಂತದ ಫೋಟೋದಲ್ಲೂ ಮನೆ ಯಾರ ಹೆಸರಲ್ಲಿದೆಯೋ ಅವರೇ ನಿಂತಿರಬೇಕು. ತಳಪಾಯದ ಮುಂದೆ ನಿಂತಿರೋ ಅಜ್ಜಿ ಬೇರೆ, ಗೋಡೆ ಮುಂದೆ ನಿಂತಿರೋ ಅಜ್ಜಿ ಬೇರೆ!”

ಅಂಗಳವೆಲ್ಲ ಗೊಳ್ಳೆಂದಿತು. ಭವ್ಯಳಿಗೆ ಆಗ ಹೊಳೆಯಿತು. ಅಯ್ಯೋ ಅಜ್ಜಿ! ಗೋಡೆಯ ಫೋಟೋ ತೆಗೆದ ದಿನ ಅಜ್ಜಿ ಮಾಡಿದ ಘನಕಾರ್ಯ ಕೇಳಿ. “ಗೋಡೆ ಎದ್ದಿರೋ ಮನೆ ಮುಂದೆ ಯಜಮಾನ್ತಿ ನಿಂತು ಫೋಟೋ ಹೊಡೆಸ್ಕೊಂಡ್ರೆ ದೃಷ್ಟಿ ಆಯ್ತದೆ ಕಣಮ್ಮಿ” ಎಂದು ತನ್ನ ತಂಗಿ ಪಾಪಕ್ಕನನ್ನು ಮುಂದೆ ತಳ್ಳಿದ್ದಳು. ಫೋಟೋ ತೆಗೆಯಲು ಬಂದವರೂ ನೀವು ಯಾರು ಎಂದು ಕೇಳಲಿಲ್ಲ.

ನಗು ನಿಲ್ಲಲೇ ಇಲ್ಲ. ಕೂತುಬಿಡೋಣ ಅನ್ನಿಸಿತು ಭವ್ಯಳಿಗೆ. ಕೂತರೆ ಮನೆಯೂ ಅಲ್ಲೇ ಕೂರುತ್ತದೆ!

“ತಪ್ಪು ನಮ್ದೇ ಸಾರ್,” ಎಂದಳು. “ಆದ್ರೆ ರಿಜೆಕ್ಟ್ ಆಗೈತೆ ಅಂತ ನಮಗೆ ಯಾರೂ ಹೇಳ್ಲಿಲ್ಲ. ‘ಹಳೇ ಮನೆ ಕೆಡವಿ, ಸರ್ಕಾರ ದುಡ್ಡು ಕೊಡ್ತದೆ’ ಅಂತ ಹೇಳೋಕೆ ಮಾತ್ರ ಬಂದಿದ್ರು. ಇವಾಗ ಮಳೆ ಬತ್ತೈತೆ. ನಾವು ಎಲ್ಲಿ ಮಲಗೋದು ಸಾರ್?”

ಈಗ ಯಾರೂ ನಗಲಿಲ್ಲ. ಕೂತ್ಕೋ ಎಂದು ಸನ್ನೆ ಮಾಡುತ್ತಿದ್ದ ವನಜಾಕ್ಷಿ ಮಿಸ್ ಕೂಡ ಕೈ ಕೆಳಗಿಳಿಸಿದರು.

ನರಸಿಂಹರಾಜು ಕನ್ನಡಕ ತೆಗೆದು ಒರೆಸಿಕೊಂಡರು. “ಹೇಳಬೇಕಿತ್ತು. ಅದು ನಮ್ಮ ಕೆಲಸ, ನಾವು ಮಾಡಲಿಲ್ಲ. ನಾಳೆ ಬೆಳಿಗ್ಗೆ ಫೋಟೋ ಮತ್ತೆ ತೆಗೆಯೋಕೆ ಇಂಜಿನಿಯರ್‌ನ ನಾನೇ ಕರ್ಕೊಂಡು ಬರ್ತೀನಿ. ಸೂರು ಆಗೋವರೆಗೂ ಸಮುದಾಯ ಭವನದಲ್ಲಿರಿ, ಇವತ್ತೇ ಬೀಗ ತೆಗೆಸ್ತೀನಿ. ಅಜ್ಜೀನ ಒಪ್ಪಿಸೋದು ಮಾತ್ರ ನಿನ್ನ ಜವಾಬ್ದಾರಿ!”

“ಎಳ್ಕೊಂಡು ಬಂದಾದ್ರೂ ನಿಲ್ಲಿಸ್ತೀನಿ ಸಾರ್!”

ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಎದ್ದರು. ಭವ್ಯ ತಿರುಗಿ ನೋಡಿದಳು. ಚೇತನ್! ದಿನಾ ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕಿಕೊಂಡು ಕ್ಲಾಸಿಗೆ ಬರುವ ಚೇತನ್. ಇವನದು ದೊಡ್ಡ ಆರ್‌ಸಿಸಿ ಮನೆ ಎಂದೇ ಅವಳು ತಿಳಿದಿದ್ದಳು. ಟಾರ್ಪಾಲ್ ಕಂಡೀತೆಂದು ಅವನನ್ನು ತನ್ನ ಬೀದಿಗೆ ಬರಲೂ ಬಿಟ್ಟಿರಲಿಲ್ಲ.

“ಸಾರ್... ನಮ್ದೂ... ತಳಪಾಯಕ್ಕೇ ನಿಂತೈತೆ,” ಎಂದ ಅವನು, ನೆಲ ನೋಡುತ್ತ. ಮುಖವೆಲ್ಲ ಕೆಂಪಾಗಿತ್ತು.

ಅವನಿಗೆ ಏನಾಗುತ್ತಿದೆ ಎಂದು ಆ ಅಂಗಳದಲ್ಲಿ ಭವ್ಯಳಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ.

“ತಲೆ ಎತ್ತಿ ಜೋರಾಗಿ ಹೇಳೋ ಚೇತು,” ಎಂದಳು. “ಸಾರ್‌ಗೆ ಕೇಳ್ಬೇಕು.”