ಕೌದಿಯ ನಡುವೆ ನಿಂತವನು

“ವೇಷ ಸ್ಪರ್ಧೆಯ ಮೊದಲ ಬಹುಮಾನ... ಕೌದಿ ಅಂಗಡಿಯ ಪಕ್ಕ ನಿಂತಿರುವ ಕಾಡಿನ ಯಕ್ಷಿಣಿಗೆ!”

ಮೈಕಿನಲ್ಲಿ ಕೂಗಿದವನು ಮೇಳದ ನಿರೂಪಕ ಅಜಯ. ದಾಂಡೇಲಿಯ ಹೊಳೆದಂಡೆಯ ರೆಸಾರ್ಟಿನಲ್ಲಿ ಅಂದು ಫ್ಯಾಂಟಸಿ ಮೇಳ. ಹುಬ್ಬಳ್ಳಿ, ಬೆಳಗಾವಿ, ಗೋವಾ, ಬೆಂಗಳೂರಿನಿಂದ ಬಂದ ಹುಡುಗ ಹುಡುಗಿಯರು ರೆಕ್ಕೆ ಕಟ್ಟಿಕೊಂಡು, ಕೊಂಬು ಅಂಟಿಸಿಕೊಂಡು, ರಟ್ಟಿನ ಕತ್ತಿ ಹಿಡಿದು ಓಡಾಡುತ್ತಿದ್ದರು. ಅವರೆಲ್ಲ ಒಟ್ಟಿಗೆ ಕೌದಿ ಅಂಗಡಿಯತ್ತ ತಿರುಗಿದರು.

ಅಲ್ಲಿದ್ದವಳು ಮಾರ್ಗರೀಟಾ. ಮುಂಡಗೋಡ ಕಡೆಯ ಹಳ್ಳಿಯ ಹುಡುಗಿ, ಎಂದೋ ಆಫ್ರಿಕಾದಿಂದ ಬಂದು ಈ ಕಾಡುಸೀಮೆಯಲ್ಲಿ ನೆಲೆಸಿದ ಸಿದ್ದಿ ಜನರವಳು. ಊರ ಹೆಂಗಸರು ಹಳೆ ಬಟ್ಟೆ ಜೋಡಿಸಿ ಹೊಲಿದ ಹತ್ತು ಕೌದಿಗಳನ್ನು ಮಾರಲು ಬಂದಿದ್ದಳು.

ಅವಳು ಯಾವ ವೇಷವನ್ನೂ ಹಾಕಿರಲಿಲ್ಲ! ಹಳದಿ ಚೂಡಿದಾರ, ಹವಾಯಿ ಚಪ್ಪಲಿ, ಹುಟ್ಟಿನಿಂದ ಬಂದ ಕಪ್ಪು ಬಣ್ಣ, ಹುಟ್ಟಿನಿಂದ ಬಂದ ಗುಂಗುರು ಕೂದಲು. ಅಷ್ಟೇ.

ಯಾರೋ ಅವಳ ತಲೆಗೆ ಪ್ಲಾಸ್ಟಿಕ್ ಕಿರೀಟ ಇಟ್ಟರು. ರೆಕ್ಕೆಯ ಹುಡುಗಿಯೊಬ್ಬಳು ಕೂದಲನ್ನು ಎಳೆದೂ ನೋಡಿದಳು.

“ವಿಗ್ ಎಲ್ಲಿಂದ ತರಿಸಿದ್ರಿ?”

“ನಮ್ಮವ್ವ ಕೊಟ್ಟಾಳ್ರಿ. ಹುಟ್ಟಿದಾಗಿಂದ ತಲೀ ಮ್ಯಾಲೇ ಐತಿ.”

ನಗು ಎದ್ದಿತು. ಅರ್ಥವಾದವರು ಮುಖ ತಿರುಗಿಸಿದರು. ಆಗದವರು ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಮಾರ್ಗರೀಟಾ ಕಿರೀಟ ತೆಗೆದು ಕೌದಿಗಳ ಮೇಲಿಟ್ಟಳು. ಅಳಬಾರದು... ಇವರ ಮುಂದೆ ಮಾತ್ರ ಅಳಬಾರದು!

ಎದುರಿನ ಸಾಲಿನಲ್ಲಿ ಚಿತ್ರಕಾರರು ಕುಳಿತಿದ್ದರು. ಬೆಳಗಾವಿಯ ಶೈಲಶ್ರೀ ತಾನೇ ಬರೆದ ಒಂದು ರಾಜ್ಯದ ನಕ್ಷೆ ಹರಡಿಕೊಂಡಿದ್ದಳು. ಹೊಳೆ, ಗುಡ್ಡ, ಹಾರುವ ಮೀನು. ಅದನ್ನು ನೋಡಲು ಜನ ಸಾಲುಗಟ್ಟಿದ್ದರು. ಕಣ್ಣೀರು ನುಂಗಿಕೊಂಡು ಮಾರ್ಗರೀಟಾ ಅಲ್ಲಿಗೆ ನಡೆದಳು.

“ಈ ಊರು ಎಲ್ಲಿ ಬರ್ತೈತ್ರಿ ಅಕ್ಕಾ?”

“ನನ್ನ ತಲ್ಯಾಗ.”

“ಈ ಸಾಲಿನ್ಯಾಗ ಕುಂಡ್ರಬೇಕಂದ್ರ ಏನು ಮಾಡಬೇಕ್ರಿ?”

ಶೈಲಶ್ರೀ ಪೆನ್ಸಿಲು ಕೆಳಗಿಟ್ಟು ಅವಳನ್ನು ನೋಡಿದಳು. “ನಿಂದೇ ಒಂದು ಲೋಕ ತಗೊಂಡು ಬಾ. ಮುಂದಿನ ವರ್ಷ ಜಾಗ ಕೊಡಾಕಿ ನಾನೇ.”

ಮಾರ್ಗರೀಟಾ ನಕ್ಷೆಯ ಗುಡ್ಡಗಳ ಮೇಲೆ ಬೆರಳಾಡಿಸಿದಳು. ಗುಂಗುರು ಕೂದಲಿನ ರಾಣಿಯರಿರುವ ಕಾಡು... ಅಲ್ಲಿ ಯಾರೂ ಯಾರ ಕೂದಲನ್ನೂ ಎಳೆಯುವುದಿಲ್ಲ. ಅದನ್ನು ನಾನು ಹೊಲಿಯುತ್ತೇನೆ! ಮಾರಾಟದ ಅಂಗಡಿಯಲ್ಲಲ್ಲ, ಈ ಸಾಲಿನಲ್ಲೇ ಕೂರುತ್ತೇನೆ!

ಸಂಜೆ ಅಜಯ ಅವಳ ಅಂಗಡಿಗೆ ಬಂದ. ಕಾಗದ ಕಾರ್ಖಾನೆ ನೌಕರನ ಮಗ, ಚಿತ್ರಕಥೆ ಬರೆಯುವ ಹುಚ್ಚಿನವ.

“ತಪ್ಪಾತ್ರಿ. ಮೇಳ ನಡಸೋ ಬೆಂಗಳೂರಿನವ್ರು ಚೀಟಿ ಬರ್ದು ಕೊಟ್ರು, ನಾ ಓದಿದೆ. ನಾ ಬೆಳೆದಿದ್ದು ಹುಬ್ಬಳ್ಳ್ಯಾಗ, ಮಾಮಾನ ಮನ್ಯಾಗ. ನಿಮ್ಮ ಮಂದೀನ ನಾ ನೋಡೇ ಇರಲಿಲ್ಲ. ವೇಷ ಅಂತ ತಿಳಿದೆ.”

ಅವನ ಕಣ್ಣು ಒದ್ದೆಯಾಗಿತ್ತು. ಮಾರ್ಗರೀಟಾ ನಂಬಿದಳು. ಗೊತ್ತಿಲ್ಲದೆ ಮಾಡಿದ ತಪ್ಪನ್ನು ಕ್ಷಮಿಸದಿದ್ದರೆ ಹೇಗೆ?

ಆಮೇಲೆ ಅವನು ಸಂತೆಯ ದಿನ ತಪ್ಪದೆ ಮುಂಡಗೋಡದ ಬಸ್ಸು ಹತ್ತತೊಡಗಿದ. ಚಿತ್ರದ ಪುಸ್ತಕ ತರುತ್ತಿದ್ದ. ಅವಳು ಹೊಲಿಯತೊಡಗಿದ್ದ ರಾಣಿಯರ ಕೌದಿಗೆಂದು ತನ್ನ ಹಳೆಯ ನೀಲಿ ಚೌಕಳಿ ಅಂಗಿಯನ್ನೂ ತಂದುಕೊಟ್ಟ.

“ರಾಣೀನ್ನ ಮದ್ಲ ನಡುವ ಹಚ್ಚಿಬಿಡ್ರಿ,” ಎಂದ ಒಮ್ಮೆ.

ಮಾರ್ಗರೀಟಾ ನಕ್ಕಳು. “ಕೌದಿ ಹಂಗ ಹೊಲಿಯೂದಿಲ್ರಿ. ನಾವು ಅಂಚಿನಿಂದ ಸುತ್ತು ಹಾಕ್ಕೋತ ಒಳಗ ಬರ್ತೇವಿ. ನಡುವಿನ ಜಾಗ ಕಡೀಕ ಬರೂದು.”

“ಅಲ್ಲೀತನಕ ಯಾರು ಅಲ್ಲಿ ಕುಂಡ್ರತಾರ ಅಂತ ಗೊತ್ತಾಗಾಂಗಿಲ್ಲೇನು?”

“ಕಾಯಬೇಕ್ರಿ...”

ಅವನು ಕಾದ. ಅಂಚಿನಲ್ಲಿ ಕಾಡು ಬೆಳೆಯಿತು, ಹಳೆ ಸೀರೆಯ ಹೊಳೆ ಹರಿಯಿತು, ಕಪ್ಪು ಉಣ್ಣೆಯ ಗಂಟುಗಳ ಕೂದಲಿನ ರಾಣಿಯರು ಒಬ್ಬೊಬ್ಬರಾಗಿ ರೆಕ್ಕೆ ಬಿಚ್ಚಿದರು. ಸುತ್ತು ಕಿರಿದಾಗುತ್ತ ಬಂದಂತೆ ಮಾರ್ಗರೀಟಾಳ ಮನಸ್ಸೂ ಅವನ ಹತ್ತಿರಕ್ಕೆ ಬಂತು. ನಡುವಿನಲ್ಲಿ ಇಬ್ಬರನ್ನು ಕೂರಿಸಬೇಕು, ಒಬ್ಬಳು ನಾನು, ಒಬ್ಬ ಅವನು... ಎಂದುಕೊಂಡು ಒಬ್ಬಳೇ ನಾಚಿದಳು, ಪಾಪದ ಹುಡುಗಿ!

ಮರುವರ್ಷದ ಮೇಳಕ್ಕೆ ಒಂದು ತಿಂಗಳಿರುವಾಗ ಅಜಯ ಅವಳನ್ನು ದಾಂಡೇಲಿಯ ಮನೆಗೆ ಕರೆದೊಯ್ದ. ಅವನ ತಾಯಿ ಕೆಂಚವ್ವ ಬಾಗಿಲಲ್ಲೇ ತಡೆದು, ಹೊರಗಿನ ಕಟ್ಟೆಯ ಮೇಲೆ ಚಾಪೆ ಹಾಸಿದಳು.

“ಇಲ್ಲೇ ಕುಂಡ್ರವಾ, ಗಾಳಿ ಚಲೋ ಬರ್ತೈತಿ. ಜೋಸೆಫನೂ ಇಲ್ಲೇ ಕುಂಡರ್ತಿದ್ದ.”

“ಯಾವ ಜೋಸೆಫ್ ಅವ್ವಾ?”

“ನಿಮ್ಮ ಸಿದ್ದಿ ಹುಡುಗ. ಇದೇ ದಾಂಡೇಲ್ಯಾಗ ಒಂದನೇತ್ತಿಯಿಂದ ಹತ್ತನೇತ್ತಿತನಕ ನಮ್ಮ ಅಜಯನ ಜೋಡೀನ ಸಾಲಿ ಕಲ್ತಾನ. ಇವ್ರದು ಒಂದೇ ಬೆಂಚು!”

ಕೆಂಚವ್ವ ಕೊಟ್ಟಿದ್ದ ಪೇಪರ್ ಕಪ್ಪಿನ ಚಹಾವನ್ನು ಮಾರ್ಗರೀಟಾ ಕೆಳಗಿಟ್ಟಳು. ಒಳಗೆ ಹೊಸ್ತಿಲ ಆಚೆ ಸ್ಟೀಲ್ ಲೋಟ ಹಿಡಿದು ನಿಂತಿದ್ದ ಅಜಯನತ್ತ ಅವಳು ನೋಡಿದಳು.

“ಅಂದ್ರ... ನೀವು ಹುಬ್ಬಳ್ಳ್ಯಾಗ ಬೆಳೆದಿಲ್ಲ. ಅವತ್ತು ಮೈಕ್ ಹಿಡಿದಾಗ ನಿಮಗ ಗೊತ್ತಿತ್ತು.”

ಅವನು ಲೋಟ ನೋಡಿದ. ತಾಯಿಯ ಮುಖ ನೋಡಿದ. ಬಾಯಿ ಬಿಡಲಿಲ್ಲ.

ಒಂದು ಮಾತು! ಒಂದೇ ಒಂದು ಮಾತಿಗಾಗಿ ಅವಳು ಎಷ್ಟು ಹೊತ್ತು ಕಾದಳೆಂದರೆ ಚಹಾ ಆರಿಹೋಯಿತು. ಆಮೇಲೆ ಎದ್ದು, ಕಪ್ಪನ್ನು ತಾನೇ ಕಸದ ಬುಟ್ಟಿಗೆ ಹಾಕಿ, ಬಸ್ ಸ್ಟ್ಯಾಂಡಿಗೆ ನಡೆದಳು. ಹಳಿಯಾಳ ಬರುವಷ್ಟರಲ್ಲಿ ಅವನ ನಂಬರು ಬ್ಲಾಕ್ ಆಗಿತ್ತು.

ಮರುದಿನ ಕತ್ತರಿ ತೆಗೆದುಕೊಂಡು ಅವನ ಚೌಕಳಿ ಅಂಗಿಯನ್ನು ಸೀಳಿದಳು. ಕೌದಿಯ ನಡುವೆ ಒಬ್ಬ ಗಂಡಸನ್ನು ಹೊಲಿದಳು. ಅಂಗಿ ಇತ್ತು, ಕೈಯಲ್ಲಿ ಮೈಕು ಇತ್ತು, ಎರಡು ದೊಡ್ಡ ಕಣ್ಣು ಇದ್ದವು. ಬಾಯಿ ಇರಲಿಲ್ಲ. ಹೊಲಿಯುತ್ತ ಅತ್ತಳು, ಅಳುತ್ತ ಹೊಲಿದಳು.

ಮೇಳದ ದಿನ ಶೈಲಶ್ರೀ ಆ ಕೌದಿಯನ್ನು ಕಂಡವಳೇ ತನ್ನ ಮಗ್ಗುಲಿನ ಜಾಗ ಕೊಟ್ಟಳು. ಮಧ್ಯಾಹ್ನದೊಳಗೆ ಮಾರ್ಗರೀಟಾಳ ಮುಂದೆ ಎಲ್ಲಕ್ಕಿಂತ ಉದ್ದದ ಸಾಲು.

“ಗೋವಾದ ಮೇಳಕ್ಕೂ ಬರ್ತೀಯೇನು?” ಎಂದಳು ಶೈಲಶ್ರೀ.

“ಬರ್ತೇನ್ರಿ. ಎಲ್ಲಿ ಕರೆದ್ರೂ ಬರ್ತೇನಿ.”

ಎಲ್ಲರೂ ಕೇಳುತ್ತಿದ್ದುದು ಒಂದೇ ಪ್ರಶ್ನೆ. “ನಡುವೆ ಇರೋ ಇವನು ಯಾರು?”

“ಗೊತ್ತಿದ್ದೂ ಸುಮ್ಮನಿದ್ದವ,” ಎನ್ನುತ್ತಿದ್ದಳು ಅವಳು, ಹತ್ತು ಹೆಜ್ಜೆ ದೂರದಲ್ಲಿದ್ದ ಅಜಯನಿಗೆ ಕೇಳುವಂತೆ.

ಜನ ನಕ್ಕರು. ಬಾಯಿಲ್ಲದವನ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡರು. ಅಜಯ ತನ್ನ ಅಂಗಿಯ ಗುರುತು ಹಿಡಿದು ಬಿಳಿಚಿಕೊಂಡ. ಮಾರ್ಗರೀಟಾಗೆ ಖುಷಿಯಾಗಬೇಕಿತ್ತು... ಆಗಲಿಲ್ಲ. ಪ್ರತಿ ನಗುವೂ ಅವಳಿಗೇ ಚುಚ್ಚಿತು. ಅಯ್ಯೋ ದೇವರೇ, ಇನ್ನೂ ಪ್ರೀತಿಸುತ್ತಿದ್ದೇನಲ್ಲ ಇವನನ್ನು!

ಸಂಜೆ ವೇಷ ಸ್ಪರ್ಧೆಯ ಚೀಟಿ ಅಜಯನ ಕೈಗೆ ಬಂತು. ಅವನು ಅದನ್ನು ಓದಲಿಲ್ಲ. ಮಡಚಿ ಜೇಬಿಗಿಟ್ಟ.

“ಹೋದ ವರ್ಷ ಇಲ್ಲಿ ಒಬ್ಬ ಹುಡುಗಿಗೆ ವೇಷದ ಬಹುಮಾನ ಕೊಟ್ಟೆ. ಅವಳು ವೇಷ ಹಾಕಿರಲಿಲ್ಲ. ನನಗೆ ಗೊತ್ತಿತ್ತು! ಹತ್ತು ವರ್ಷ ನನ್ನ ಬೆಂಚಿನಲ್ಲಿ ಕೂತ ಗೆಳೆಯ ಸಿದ್ದಿ. ಚೀಟಿ ಓದುವಾಗಲೇ ಗೊತ್ತಿತ್ತು. ತಡೆದರೆ ಮೈಕು ಹೋಗುತ್ತದೆ ಅಂತ ಹೆದರಿ ಓದಿದೆ. ಆಮೇಲೆ ಸುಳ್ಳು ಹೇಳಿದೆ. ನಮ್ಮ ಮನೆಯ ಕಟ್ಟೆಯ ಮೇಲೆ...”

ಸಂಘಟಕನೊಬ್ಬ ಓಡಿಬಂದು ಮೈಕು ಕಸಿದುಕೊಂಡ.

ಅಜಯ ನಿಲ್ಲಿಸಲಿಲ್ಲ. ಬರೀ ಗಂಟಲಿನಲ್ಲಿ, ತನ್ನ ಮನೆಮಾತಿನಲ್ಲಿ ಕೂಗಿದ. “ನಮ್ಮ ಮನಿ ಕಟ್ಟಿ ಮ್ಯಾಲೆ ಆಕೀನ್ನ ಕುಂಡ್ರಿಸಿದ್ರು, ಅವತ್ತೂ ಸುಮ್ಮನಿದ್ದೆ! ಆ ಕೌದ್ಯಾಗ ಇರಾಂವ ನಾನೇ!”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಶಿಳ್ಳೆ ಹಾಕಿದ, ಕೆಲವರು ಮೊಬೈಲಿನಲ್ಲಿ ಹಿಡಿದರು. ಅವನು ವೇದಿಕೆಯಿಂದಿಳಿದು ಗುಂಪನ್ನು ಸೀಳಿಕೊಂಡು ಅವಳ ಮುಂದೆ ನಿಂತ.

“ಎಷ್ಟು ದಿನ ತಗೊಂಡಿ ಇದನ್ನ ಹೇಳಾಕ!” ಮಾರ್ಗರೀಟಾ ಈಗ ‘ರೀ’ ಹಚ್ಚಲಿಲ್ಲ. ಕೆನ್ನೆ ಒದ್ದೆಯಾಗಿತ್ತು.

“ಹೇಡಿ ಅದೇನಿ ಮಾರ್ಗರೀಟಾ. ಆದ್ರ ನಿನ್ನ ಬಿಟ್ಟು ಇರಾಕ ಆಗವಲ್ದು... ಕೌದ್ಯಾಗಿನ ಅಂವಗ ಒಂದು ಬಾಯಿ ಹಚ್ಚಾಂಗಿಲ್ಲೇನು?”

“ಇಲ್ಲ. ಅಂವಾ ಹಂಗೇ ಇರ್ಲಿ. ನೋಡಿದಾಗೊಮ್ಮೆ ನಿನಗ ನೆನಪಾಗ್ಲಿ.”

“ಮತ್ತ ನಾನು?”

“ನಿನ್ನ ಮ್ಯಾಲೆ ಪ್ರೀತಿ ಐತಿ. ಅದೇ ನನ್ನ ಸಂಕಟ. ಆದ್ರ ಇನ್ನೊಮ್ಮೆ ಆ ಕಟ್ಟಿ ಮ್ಯಾಲೆ ನಾ ಕುಂಡ್ರಾಕಿ ಅಲ್ಲ.”

“ಒಳಗ ಕರ್ಕೊಂಡು ಹೋಗ್ತೇನಿ. ಈಗಲೇ. ಅವ್ವಗ ನಾನೇ ಹೇಳ್ತೇನಿ.”

“ಅವ್ವ ಬಾಗಲಾ ಹಾಕಿದ್ರ?”

“ನಾನೂ ಹೊರಗೇ ನಿಂದರ್ತೇನಿ.”

ಮಾರ್ಗರೀಟಾ ಕೌದಿಯನ್ನು ಬಿಚ್ಚಿ ಮಡಚಿ, ಆ ಇಡೀ ಭಾರವನ್ನು ಅವನ ಹೆಗಲಿಗೆ ಹಾಕಿದಳು.

“ಹಂಗಾದ್ರ ಹೊರು. ಮದ್ಲ ನಿಮ್ಮವ್ವಗ ಇದನ್ನ ತೋರಸೂಣು.”

“ಬೈತಾಳ...”

“ಬೈಸ್ಕೋ. ನಾ ಮಗ್ಗಲದಾಗೇ ಇರ್ತೇನಿ.”