ಟೀಚರ್ ಪಕ್ಕದ ಜಾಗ

"ಯಶು, ನೀನು ಬರೀ ಬಾಯಿ ಆಡಿಸು. ಸೌಂಡ್ ಬರಬಾರ್ದು, ಆಯ್ತಾ?"

ಕೋಕಿಲಕ್ಕ ಮೆಲ್ಲಗೆ ಹೇಳಿದರೂ ಪಕ್ಕದಲ್ಲಿದ್ದ ಧೃತಿಗೆ ಕೇಳಿಸಿತು. ಒಂದನೇ ಕ್ಲಾಸಿನ ಯಶಶ್ರೀ ತಲೆಯಾಡಿಸಿ, ಲಂಗದ ಅಂಚನ್ನು ಬೆರಳಿಗೆ ಸುತ್ತುತ್ತಾ ನಿಂತಳು.

ಚಾಮರಾಜಪೇಟೆಯ ಆ ಹಾಲ್ ಆಗಲೇ ತುಂಬಿತ್ತು. ಸ್ಟೇಜ್ ಮೇಲೆ ಯಮುನಾ ಟೀಚರ್ ಫೋಟೋ, ಅದಕ್ಕೆ ಗಂಧದ ಹಾರ. ಎಲ್ಲೆಲ್ಲೋ ಸಂಗೀತ ಕಚೇರಿ ಮಾಡಿ ಹೆಸರಾಗಿದ್ದ ಟೀಚರ್ ಹೋದ ತಿಂಗಳು ತೀರಿಕೊಂಡಿದ್ದರು. ಅವರ ನೆನಪಿಗೆ ಇವತ್ತು ಸಭೆ. ಅವರ ಮನೆಗೆ ಪಾಠಕ್ಕೆ ಹೋಗುತ್ತಿದ್ದ ಮಕ್ಕಳೆಲ್ಲ ಸೇರಿ ಒಂದು ದೇವರನಾಮ ಹಾಡಬೇಕಿತ್ತು.

ಯಶು ಶ್ರುತಿಗೆ ಸೇರುತ್ತಿರಲಿಲ್ಲ. ಎಲ್ಲರೂ ಒಂದು ಕಡೆ ಹೋದರೆ ಅವಳ ಗಂಟಲು ಇನ್ನೊಂದು ಕಡೆ, ಅದೂ ಜೋರಾಗಿ. ಟೀಚರ್ ಅವಳನ್ನು ತಮ್ಮ ಪಕ್ಕದಲ್ಲೇ, ಮಂಡಿಗೆ ಮಂಡಿ ತಾಕುವ ಹಾಗೆ ಕೂರಿಸಿಕೊಳ್ಳುತ್ತಿದ್ದರು. "ನನ್ನ ಗಂಟಲು ಕೇಳಿಸ್ಕೊಂಡು ಹಾಡು ಪುಟ್ಟಿ. ತಪ್ಪಿದ್ರೆ ತಪ್ಪಲಿ" ಅನ್ನುತ್ತಿದ್ದರು.

"ಅಕ್ಕಾ, ಪಾಪ, ಅವಳೂ ಹಾಡ್ಲಿ" ಅಂದಳು ಧೃತಿ.

"ದೊಡ್ಡ ದೊಡ್ಡ ವಿದ್ವಾಂಸರು ಬಂದಿದಾರೆ ಕಣೇ. ಯಮುನಾ ಕಲಿಸಿದ್ದು ಇದೇನಾ ಅಂದ್ಬಿಟ್ರೆ?" ಕೋಕಿಲಕ್ಕನ ಕಣ್ಣು ಕೆಂಪಗಿತ್ತು. ಅವಳು ಕಾಲೇಜು ಹುಡುಗಿ, ಟೀಚರ್ ಶಿಷ್ಯರಲ್ಲೆಲ್ಲ ಹಿರಿಯಳು. "ಇವತ್ತೊಂದಿನ ಎಲ್ಲಾ ಸರಿಯಾಗಿ ಆಗ್ಲಿ. ಪ್ಲೀಸ್."

ಧೃತಿ ಎಲ್ಲರ ಜೊತೆ ಸ್ಟೇಜ್ ಹತ್ತಿ ಕೂತಳು. ಅವಳ ಜಾಗ ಮುಂದಿನ ಸಾಲಿನಲ್ಲಿ, ಮೈಕಿನ ಹತ್ತಿರ. ಯಶು ಹಿಂದಿನ ಸಾಲಿನ ಮೂಲೆಯಲ್ಲಿ.

ಹಾಡು ಶುರುವಾಯಿತು. ಪಲ್ಲವಿ ಮುಗಿಯುವಾಗ ಧೃತಿ ತಿರುಗಿ ನೋಡಿದಳು. ಯಶು ಹೇಳಿದ ಹಾಗೇ ಬಾಯಿ ಆಡಿಸುತ್ತಿದ್ದಳು. ತೆರೆಯುವುದು, ಮುಚ್ಚುವುದು. ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಧೃತಿಗೆ ಕೂರಲಾಗಲಿಲ್ಲ. ಎದ್ದು, ಬಗ್ಗಿಕೊಂಡೇ ಹಿಂದಕ್ಕೆ ಹೋಗಿ ಯಶುಗೆ ಅಂಟಿಕೊಂಡು ಕೂತಳು.

"ಹಾಡೇ."

"ಅಕ್ಕ ಬೇಡ ಅಂದ್ರು."

"ನಾನಿದೀನಿ. ಹಾಡು."

ಯಶು ಹಾಡಿದಳು. ಇಷ್ಟು ಹೊತ್ತು ತಡೆದಿದ್ದೆಲ್ಲ ಒಟ್ಟಿಗೇ ಬಂತು. ಮುಂದೆ ಕೂತಿದ್ದ ಹಿರಿಯರೊಬ್ಬರು ಮುಖ ಕಿವುಚಿದರು. ಕೋಕಿಲಕ್ಕ ಕಣ್ಣು ಕೆಕ್ಕರಿಸಿದಳು.

ಧೃತಿಗೆ ಭಯವಾಯಿತು. ಯಾಕೆಂದರೆ ಅವಳ ಸ್ವರವೇ ಜಾರುತ್ತಿತ್ತು! ಕಿವಿಯ ಪಕ್ಕದಲ್ಲೇ ಇನ್ನೊಂದು ಗಂಟಲು ತನ್ನ ಕಡೆಗೆ ಎಳೆಯುತ್ತಿತ್ತು. ಜೋರಾಗಿ ಹಾಡಿ ಯಶುವಿನ ದನಿಯನ್ನು ಮುಳುಗಿಸಿಬಿಡಬಹುದಿತ್ತು. ಹಾಗೆ ಮಾಡಲಿಲ್ಲ. ಕಣ್ಣು ಮುಚ್ಚಿ ಶ್ರುತಿಯನ್ನು ಹುಡುಕಿದಳು. ಹಿಡಿದಳು, ಮತ್ತೆ ಬಿಟ್ಟಳು, ಮತ್ತೆ ಹಿಡಿದಳು. ಕೊನೆಯ ಸಾಲಿನಲ್ಲಿ ಒಂದು ಕ್ಷಣ ಇಬ್ಬರ ಗಂಟಲೂ ಸೇರಿದವು. ಆಮೇಲೆ ಅದೂ ತಪ್ಪಿಹೋಯಿತು.

ಸ್ಟೇಜ್ ಹಿಂದಿನ ಮೆಟ್ಟಿಲ ಹತ್ತಿರ ಕೋಕಿಲಕ್ಕ ಧೃತಿಯನ್ನು ಹಿಡಿದು ನಿಲ್ಲಿಸಿದಳು.

"ಎಲ್ಲಾ ಹಾಳ್ ಮಾಡ್ಬಿಟ್ಯಲ್ಲೇ!"

ಅಷ್ಟು ಹೇಳಿದವಳೇ ಮೆಟ್ಟಿಲ ಮೇಲೆ ಕುಸಿದು ಕೂತು ಬಿಕ್ಕಿಬಿಕ್ಕಿ ಅತ್ತಳು. ದೊಡ್ಡವರು ಹಾಗೆ ಅಳುವುದನ್ನು ಧೃತಿ ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಏನು ಮಾಡಬೇಕೋ ತಿಳಿಯದೆ ನಿಂತೇ ಇದ್ದಳು.

"ಸಾರಿ ಅಕ್ಕ" ಅಂದಳು. "ಅವಳ ಪಕ್ಕ ಹಾಡೋದು ಎಷ್ಟು ಕಷ್ಟ ಗೊತ್ತಾ? ನನ್ನ ಶ್ರುತಿನೇ ಹೋಗ್ಬಿಡ್ತು. ಟೀಚರ್ ಪ್ರತಿ ಕ್ಲಾಸಲ್ಲೂ ಹೇಗೆ ಹಾಡ್ತಿದ್ರು?"

ಕೋಕಿಲಕ್ಕ ದುಪಟ್ಟಾದಲ್ಲಿ ಮುಖ ಒರೆಸಿಕೊಂಡಳು. "ನೀನು ಹೊಸದಾಗಿ ಸೇರಿದಾಗ ನಿನ್ನ ಪಕ್ಕಾನೂ ಹೀಗೇ ಹಾಡ್ತಿದ್ರು."

"ನನ್ನನ್ನ ಪಕ್ಕ ಕೂರಿಸ್ಕೊಳ್ತಿದ್ದಿದ್ದು... ನಾನು ಚೆನ್ನಾಗಿ ಹಾಡ್ತೀನಿ ಅಂತ ಅಲ್ವಾ?"

ಕೋಕಿಲಕ್ಕ ಧೃತಿಯ ಕೈ ಹಿಡಿದು ಮೆಟ್ಟಿಲ ಮೇಲೆ ಕೂರಿಸಿಕೊಂಡಳು.

ಒಳಗೆ ಯಾರೋ ಮೈಕಿನಲ್ಲಿ ಟೀಚರಿಗೆ ಬಂದ ಪ್ರಶಸ್ತಿಗಳ ಹೆಸರು ಹೇಳುತ್ತಿದ್ದರು. ಧೃತಿಗೆ ಅದು ಕೇಳಿಸಲಿಲ್ಲ. ತನ್ನ ಪಕ್ಕ ಕೂತು ಹಾಡುವಾಗ ಟೀಚರ್ ಒಂದು ಸಲವಾದರೂ ಮುಖ ಕಿವುಚಿದ್ದರಾ ಎಂದು ಅವಳು ನೆನಪಿಸಿಕೊಳ್ಳುತ್ತಿದ್ದಳು. ಎಷ್ಟು ಹುಡುಕಿದರೂ ಅಂಥದ್ದೊಂದು ನೆನಪಾಗಲಿಲ್ಲ.